ಜೋಳದ ಉಡಿ

ನಮ್ಮಪ್ಪ ಗಾದಿಲಿಂಗಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಭತ್ತ ಕುದಿಸುವ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದರೆ ಅವನ ಅಂಗಿಯಿಂದ ಬೆಂದ ಭತ್ತದ ವಾಸನೆ ಬರುತ್ತಿತ್ತು. ಈಗಿನವರು ಸೆಂಟಿಗೆ ಬಡಿದಾಡುವುದು ನೋಡಿದರೆ ನನಗೆ ನಗು ಬರುತ್ತದೆ. ಆ ವಾಸನೆ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ. ಅವ್ವ ಅಕ್ಕನಾಗಮ್ಮ ನಾನು ತೊಟ್ಟಿಲಲ್ಲಿದ್ದಾಗಲೇ ಜ್ವರದಲ್ಲಿ ತೀರಿಹೋಗಿದ್ದಳು. ಅವಳ ಮುಖ ಕಂಡದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ತೆಗೆಸಿದ ಒಂದು ಫೋಟೊದಲ್ಲಿ ಮಾತ್ರ.

ಬೇಸಿಗೆ ರಜೆ ಬಂತೆಂದರೆ ಅಪ್ಪ ನನ್ನನ್ನು ಬಸ್ಸು ಹತ್ತಿಸಿ ಕುರುಗೋಡಿಗೆ, ಅವ್ವನ ತವರಿಗೆ ಕಳಿಸುತ್ತಿದ್ದ. ಅಜ್ಜಿಯ ಮನೆ ಹಿಂದೆ ಗುಡ್ಡ, ಗುಡ್ಡದ ಮೇಲೆ ಎರಡು ಬಂಡೆಗಳ ನಡುವೆ ಒಂದು ಸಂದಿ.

"ಆ ಸಂದ್ಯಾಗ ಹೊಕ್ಕರ ಇನ್ನೊಂದು ಕುರುಗೋಡು ಐತಿ. ಒಬ್ಬರಿಗೆ ಒಂದೇ ಸಲ ಹಾದಿ ಬಿಡತೈತಿ. ತಿರುಗಿ ಬಂದ್ರ ಮುಗೀತು, ಮತ್ತ ಬಿಡಂಗಿಲ್ಲ" ಎನ್ನುತ್ತಿದ್ದಳು ಅಜ್ಜಿ.

ಮಕ್ಕಳನ್ನು ಗುಡ್ಡದಿಂದ ದೂರ ಇಡಲು ಕಟ್ಟಿದ ಕಥೆ ಎಂದುಕೊಂಡಿದ್ದೆ. ಎಪ್ಪತ್ತನಾಲ್ಕರ ಬೇಸಿಗೆ, ಎಸ್ಸೆಸ್ಸೆಲ್ಸಿ ಮುಗಿಸಿ ದೊಡ್ಡ ಮನುಷ್ಯಳಾಗಿದ್ದೆನಲ್ಲ, ಹಾಡಹಗಲೇ ಒಳಗೆ ಹೊಕ್ಕೆ.

ಆ ಕಡೆ ಹೊರಬಿದ್ದು ನೋಡಿದರೆ ನಮ್ಮ ಕಡೆ ಗುಡ್ಡದ ಕೆಳಗೆ ಹರಿಯುವ ಕಾಲುವೆಯೇ ಅಲ್ಲಿರಲಿಲ್ಲ. ಅಲ್ಲಿ ಹೊಳೆಗೆ ಡ್ಯಾಮು ಕಟ್ಟಿಯೇ ಇರಲಿಲ್ಲವಂತೆ. ಭತ್ತದ ಗದ್ದೆಗಳಿದ್ದ ಕಡೆಯೆಲ್ಲ ಜೋಳದ ಕೂಳೆ ಒಣಗಿ ನಿಂತಿತ್ತು. ಅಜ್ಜಿಯ ಮನೆ ಮಾತ್ರ ಅಲ್ಲೇ ಇತ್ತು. ಒಳಗೆ ಫೋಟೊದವಳು ರೊಟ್ಟಿ ಬಡಿಯುತ್ತಿದ್ದಳು, ಕೂದಲು ಒಂಚೂರು ನೆರೆತಿತ್ತು.

ತಲೆಯೆತ್ತಿ ನನ್ನನ್ನು ನೋಡಿದಳು. ಬಡಿಯುವ ಕೈ ನಿಂತಿತು.

"ನನ್ನ ಮಗಳು ಜಂಬಿ ಏನು ನೀನು? ಮೂಗು ನಿಮ್ಮಪ್ಪಂದೇ."

ಆ ಲೋಕದಲ್ಲಿ ಅದೇ ಜ್ವರ ಅಪ್ಪನನ್ನೂ ನನ್ನನ್ನೂ ಒಯ್ದು ಅವಳೊಬ್ಬಳನ್ನು ಬಿಟ್ಟಿತ್ತು. ಅಜ್ಜಿಯೂ ಹೋಗಿದ್ದಳು. ಅವ್ವ ಬಿಸಿ ರೊಟ್ಟಿ ಹಾಕಿದಳು, ತಲೆ ಬಾಚಿದಳು, ನಾನು ಅವಳ ತೊಡೆ ಮೇಲೆ ಮುಖವಿಟ್ಟು ಸಾಕಾಗುವಷ್ಟು ಅತ್ತೆ. ಅಷ್ಟು ಸುಖ ನನಗೆ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

"ನೀನೂ ಬಾ ಬೇ, ನಮ್ಮ ಕಡಿ" ಎಂದೆ.

"ನನಗದು ಬರೀ ಬಂಡಿಗಲ್ಲು, ಮಗಳ. ಬಡಿದು ಬಡಿದು ನೋಡೀನಿ."

"ಹಂಗಾರ ನಾ ಇಲ್ಲೇ ಇರ್ತೀನಿ."

"ನಿಮ್ಮಪ್ಪಗ ಬುತ್ತಿ ಯಾರು ಕಟ್ಟತಾರ?"

"ನಿನಗ ಯಾರದಾರ ಮತ್ತ?" ಎಂದೆ ಸಿಟ್ಟಿನಿಂದ.

ಅವಳು ಎದ್ದು ಮೊರದಲ್ಲಿ ಜೋಳ ತಂದು, ದಾವಣಿಯ ಸೆರಗು ಒಡ್ಡು ಎಂದಳು. ಬೊಗಸೆ ಬೊಗಸೆ ಜೋಳ ಸುರಿದು ಮೇಲೆ ಬೆಲ್ಲ, ಎಲೆ ಅಡಿಕೆ ಇಟ್ಟಳು. ಅಕ್ಕಿಯ ಬದಲು ಜೋಳ ಅಷ್ಟೇ, ತವರಿನಿಂದ ಹೊರಟ ಮಗಳಿಗೆ ತುಂಬುವ ಉಡಿ ಅದು. ಉಡಿ ತುಂಬಿದ ಮೇಲೆ ಮಗಳು ಹೊರಡಲೇಬೇಕು, ನಮ್ಮಲ್ಲಿ ಎಂಥ ಗಯ್ಯಾಳಿಯೂ ಅದನ್ನು ಮೀರುವುದಿಲ್ಲ. ನಾನು ಗಯ್ಯಾಳಿಯೇ, ಆದರೂ ಎದ್ದು ನಿಂತೆ.

"ಇದು ಮೋಸ ಐತಿ ನೋಡು" ಎಂದೆ.

"ಐತಿ. ಎಲ್ಲಾ ತಾಯೇರೂ ಮಗಳ್ನ ಕಳಿಸಿಕೊಡ್ತಾರ. ನನಗೂ ಒಮ್ಮಿ ಸಿಕ್ತಲ್ಲ."

ಸಂದಿ ದಾಟಿ, ಅಜ್ಜಿಗೂ ಹೇಳದೆ, ಸಿಕ್ಕ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಬಂದೆ. ಅಪ್ಪ ಆಗಷ್ಟೇ ಮಿಲ್ಲಿನಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ಅವನ ಮುಂದೆ ಮೊರ ಇಟ್ಟು ಉಡಿ ಬಿಚ್ಚಿದೆ. ಹೇಗೆ ಶುರು ಮಾಡಬೇಕೋ ತಿಳಿಯದೆ, "ಉಡಿಗೆ ಯಾರರ ಜೋಳ ತುಂಬತಾರೇನಪ್ಪಾ?" ಎಂದೆ.

ಅಪ್ಪ ಒಂದು ಹಿಡಿ ತೆಗೆದುಕೊಂಡು ಬಹಳ ಹೊತ್ತು ಮೂಸಿದ.

"ಆಕಿಗೆ ಅಲ್ಲಿ ಅಕ್ಕಿ ಎಲ್ಲಿ ಸಿಗಬೇಕು" ಎಂದ.

ನಾನಿನ್ನೂ ಅವನಿಗೆ ಏನೂ ಹೇಳಿರಲಿಲ್ಲ.

"ನೀನೂ ಹೋಗಿದ್ದೇನು?"

"ಹೂಂ. ನೀ ಇನ್ನಾ ಅಂಬೆಗಾಲು ಇಡ್ತಿದ್ದಿ."

"ಮತ್ತ ಯಾಕ ತಿರುಗಿ ಬಂದಿ? ಆಕಿ ಇದ್ದಳಲ್ಲ ಅಲ್ಲಿ."

ಅಪ್ಪ ಕೈಯಲ್ಲಿದ್ದ ಜೋಳವನ್ನು ಮೆಲ್ಲಗೆ ಮೊರಕ್ಕೆ ಬಿಟ್ಟ.

"ನೀ ಇದ್ದಿಲ್ಲಲ್ಲವ್ವಾ ಅಲ್ಲಿ" ಎಂದ.