ಹನಿ ಬಿದ್ದಲ್ಲಿ ತೂತಿಲ್ಲ

ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರೆ. ಆ ಗ್ಯಾರೇಜಿನ ಹತ್ತಿರ ಒಂದೂ ಮರವಿರಲಿಲ್ಲ. ಆದರೂ ಮಳೆ ನಿಂತು ಅರ್ಧ ಗಂಟೆಯಾದ ಮೇಲೂ ಒಳಗೆ ಟಪ್, ಟಪ್ ಎಂಬ ಸದ್ದು ನಿಲ್ಲುತ್ತಿರಲಿಲ್ಲ.

ಹೆಸರಿಗಷ್ಟೇ ಅದು ಗ್ಯಾರೇಜು. ಮನೆಯ ಹಿರಿಯರ ಕಾಲದಲ್ಲಿ ಅಲ್ಲೊಂದು ಕಾರು ನಿಲ್ಲುತ್ತಿತ್ತಂತೆ. ಈಗ ನಿಲ್ಲುವುದು ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳು. ಆ ಮನೆಯ ಮಗ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಕೆಲಸದವನು. ಸೊಸೆ ಕೈಯಂತ್ರದ ಹಿಡಿ ತಿರುಗಿಸುತ್ತ ಸುತ್ತು ಎಣಿಸುವವಳು. ಒಂದು ಸುತ್ತು ತಪ್ಪಿದರೂ ಕೆಲಸ ಕೆಡುತ್ತದೆ. ಅವಳು ಎಣಿಸಲು ಕೂತರೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಹಾಗೆ ದಿನವೂ ಮೌನದಲ್ಲಿ ಕೂತು ಕೂತು, ಬೇರೆಯವರಿಗೆ ಕೇಳದ ಸಣ್ಣ ಸದ್ದೂ ಅವಳ ಕಿವಿಗೆ ಬೀಳುತ್ತಿತ್ತು.

ಎಣಿಕೆ ಮುಗಿಯಿತೋ, ಪ್ರಶ್ನೆ ಶುರು. ಅತ್ತೆ ಅವಳಿಗೆ 'ಯಾಕಮ್ಮ' ಎಂದೇ ಹೆಸರಿಟ್ಟಿದ್ದರು. "ಎದ್ದರೂ ಯಾಕೆ, ಕೂತರೂ ಯಾಕೆ. ನನ್ನ ಮಗ ಹೆಂಡತೀನ ತಂದಿಲ್ಲ, ಪ್ರಶ್ನೆಪತ್ರಿಕೆ ತಂದಿದ್ದಾನೆ" ಎಂದು ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಒಂದು ಮಧ್ಯಾಹ್ನ ಹನಿ ನೇರವಾಗಿ ಒಂದು ಪಂಪಿನ ಸುರುಳಿಯೊಳಗೆ ಬಿದ್ದಿತ್ತು. ಎರಡು ದಿನ ಸುತ್ತಿ, ವಾರ್ನಿಶ್ ಹಾಕಿ, ಒಣಗಲಿಟ್ಟ ಸುರುಳಿ. ಗಂಡ ಅದನ್ನು ಕೈಯಲ್ಲಿ ಹಿಡಿದು ನೋಡಿದ. ತಲೆಕೆಳಗು ಮಾಡಿ ನೀರು ಬಸಿದ. 

ಆಮೇಲೆ ಹೇಳಿದ, "ಸಾಕು. ಭಾನುವಾರ ಈ ಸೂರು ಬಿಚ್ಚಿಬಿಡ್ತೀನಿ."

"ಯಾರು ಬಿಚ್ಚೋದು?"

"ನಾನೇ. ಹೊಸ ತಗಡಿನ ಶೀಟಿಗೆ ಆಗೋವಷ್ಟು ದುಡ್ಡಿದೆ. ಕೂಲಿಗೆ ಇಲ್ಲ. ಆ ಮೂಲೆಯಿಂದ ಏಣಿ ಹಾಕಿ ಹತ್ತಿ, ಸುತ್ತಿಗೆಯಲ್ಲಿ ನಾಲ್ಕು ಬಾರಿಸಿದ್ರೆ ಹಳೇದೆಲ್ಲ ಪುಡಿಪುಡಿ. ಚೂರುಗಳನ್ನ ಬಾಗಿಲ ಮುಂದಿನ ಕೆಸರಿಗೆ ತುಂಬೋಣ. ಉಳಿದ ಧೂಳನ್ನ ನಮ್ಮ ಬ್ಲೋವರ್ ಹಿಡಿದು ಊದಿದ್ರೆ ಆಯ್ತು."

ಮೋಟಾರಿನ ಹೊಟ್ಟೆಯ ಧೂಳು ಊದುವ ಆ ಯಂತ್ರವೆಂದರೆ ಅವನಿಗೆ ಎಲ್ಲಿಲ್ಲದ ಪ್ರೀತಿ. ಕಸ ಗುಡಿಸುವುದಕ್ಕೂ ಅದನ್ನೇ ಹಿಡಿಯುತ್ತಿದ್ದ.

"ಆ ಮೂಲೆಯಿಂದಲೇ ಯಾಕೆ?"

"ಅಲ್ಲಿ ಒಂದು ಹನಿಯೂ ಬಿದ್ದಿಲ್ಲ ಇವತ್ತಿನವರೆಗೆ. ಗಟ್ಟಿ ಜಾಗ. ಕಾಲಿಡೋಕೆ ಭಯ ಇಲ್ಲ."

ಅವಳು ಹನಿಗೆ ಆಗಷ್ಟೇ ಇಟ್ಟಿದ್ದ ಬಕೆಟ್ ಸರಿಸಿ, ನೆಲದ ಮೇಲೆ ಗೋಣಿಚೀಲ ಹಾಸಿ, ಹನಿ ಬೀಳುವ ಜಾಗದ ಕೆಳಗೆ ಅಂಗಾತ ಮಲಗಿದಳು. ಮೇಲೆ ಬೂದುಬಣ್ಣದ ಸಿಮೆಂಟ್ ಶೀಟು. ಬಾಗಿಲು ಮುಚ್ಚಿ ಕತ್ತಲು ಮಾಡಿ ನೋಡಿದಳು. ಸೂಜಿಮೊನೆಯಷ್ಟೂ ಬೆಳಕು ಒಳಗೆ ಬರುತ್ತಿರಲಿಲ್ಲ.

"ರೀ, ಹನಿ ಬೀಳೋ ಜಾಗದಲ್ಲಿ ತೂತೇ ಇಲ್ಲವಲ್ಲ. ಯಾಕೆ?"

"ಅಯ್ಯೋ ಮಾರಾಯ್ತಿ," ಎಂದ ಗಂಡ, "ಎದ್ದೇಳು. ನಿನ್ನ ಮೂಗಿಗೇ ಬೀಳುತ್ತೆ ಈಗ."

ಬಿತ್ತು ಕೂಡ.

ಮರುದಿನ ಮತ್ತೊಂದು ಮಳೆ ನಿಂತ ಮೇಲೆ ಶೀಟ್ ಮೇಸ್ತ್ರಿ ತನ್ನ ರಿಪೇರಿಯಾದ ಫ್ಯಾನು ಒಯ್ಯಲು ಬಂದ. ಮೂವತ್ತೈದು ವರ್ಷ ಸೂರು ಹೊದಿಸಿದ ಮನುಷ್ಯ. ಈಗ ಮೇಲೆ ಹತ್ತುವುದಿಲ್ಲ. ತರಬೇತಿಯಾದ ನಾಲ್ಕು ಜನರನ್ನು ಇಟ್ಟುಕೊಂಡು ಕೆಳಗೆ ನಿಂತು ಕೆಲಸ ಮಾಡಿಸುತ್ತಾನೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಬೀದಿಯವರು ಅವನನ್ನು ನಿಧಾನಪ್ಪ ಎಂದೇ ಕರೆಯುವುದು.

ನಿಧಾನಪ್ಪ ಸ್ಟೂಲಿನ ಮೇಲೆ ಕೂತ. ಫ್ಯಾನು ನೋಡಲಿಲ್ಲ. ತಲೆಯೆತ್ತಿ ಸೂರನ್ನೇ ನೋಡಿದ.

"ಎಷ್ಟು ವರ್ಷದ್ದಮ್ಮ ಇದು?"

ಬಾಗಿಲಲ್ಲಿದ್ದ ಅತ್ತೆ ಹೇಳಿದರು, "ನಾನು ಈ ಮನೆಗೆ ಕಾಲಿಟ್ಟಾಗಲೇ ಇತ್ತಪ್ಪ."

"ಹಾಗಾದ್ರೆ ಕಲ್ನಾರು ಇದ್ದೇ ಇರುತ್ತೆ ಅಂತಿಟ್ಕೊಳ್ಳಿ."

"ಏನದು ಕಲ್ನಾರು?" ಯಾಕಮ್ಮ ಇನ್ನೊಂದು ಸ್ಟೂಲು ಹತ್ತಿರ ಎಳೆದುಕೊಂಡಳು.

"ಕಲ್ಲಿನಿಂದ ಬರೋ ನಾರಮ್ಮ. ಆಸ್ಬೆಸ್ಟಾಸ್ ಅಂತಾರಲ್ಲ, ಅದೇ. ಶೀಟು ಗಟ್ಟಿಯಾಗಲಿ ಅಂತ ಸಿಮೆಂಟಿಗೆ ಬೆರೆಸ್ತಿದ್ರು. ಶೀಟು ಒಡೆದ್ರೆ, ಕೊರೆದ್ರೆ, ಉಜ್ಜಿದ್ರೆ ಆ ನಾರು ಗಾಳಿಗೆ ಏಳುತ್ತೆ. ಕಣ್ಣಿಗೆ ಕಾಣಲ್ಲ. ಉಸಿರಲ್ಲಿ ಒಳಗೆ ಹೋಗುತ್ತೆ. ಹೋದದ್ದು ಹೊರಗೆ ಬರಲ್ಲ."

ಗಂಡ ನಕ್ಕ. "ನಿಧಾನಪ್ಪಣ್ಣ, ಹುಟ್ಟಿದಾಗಿಂದ ಇದರ ಕೆಳಗೇ ಇದ್ದೀನಿ. ಏನಾಯ್ತು? ನಮ್ಮಮ್ಮನ್ನ ನೋಡು, ರುಬ್ಬೋ ಗುಂಡಿನ ಹಾಗೆ ಗಟ್ಟಿಯಾಗಿದ್ದಾಳೆ."

"ಗುಂಡು ಅಂದಿದ್ದು ಯಾರಿಗೋ?" ಎಂದರು ಅತ್ತೆ.

ನಿಧಾನಪ್ಪ ನಗಲಿಲ್ಲ. "ಸುಮ್ಮನಿರೋ ಜೇನುಗೂಡು ಕಚ್ಚಲ್ಲಪ್ಪ. ಕಲ್ಲು ಹೊಡೆದ್ರೆ?"

 ಬಕೆಟ್ಟಿನಲ್ಲಿ ಟಪ್ ಎಂದಿತು.

"ನಮ್ಮಣ್ಣ, ನಾನು ಜೊತೆಗೇ ಕೆಲಸ ಕಲಿತವರು" ಎಂದ ಅವನು. "ಗರಗಸದಲ್ಲಿ ಶೀಟು ಕೊಯ್ತಿದ್ದೋನು ಅವನು. ಸಂಜೆ ಹೊತ್ತಿಗೆ ಹಿಟ್ಟಿನ ಗಿರಣಿಯಲ್ಲಿ ಹೊರಳಿದ ಬೆಕ್ಕಿನ ಹಾಗೆ ಕಾಣ್ತಿದ್ದ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಕ್ಕಳನ್ನ ಎತ್ಕೊಳ್ತಿದ್ದ. ನಾವೆಲ್ಲ ನಗ್ತಿದ್ವಿ."

ಅವನು ತನ್ನ ಫ್ಯಾನಿನ ರೆಕ್ಕೆಯ ಧೂಳು ಒರೆಸಿದ. 

"ಮೂವತ್ತು ವರ್ಷ ಏನೂ ಆಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತೋಕೆ ಉಸಿರು ಸಾಲದೆ ಬಂತು. ಡಾಕ್ಟರು ಮೊದಲು ಕೇಳಿದ್ದೇ, ಏನು ಕೆಲಸ ಮಾಡ್ತಿದ್ರಿ ಅಂತ." ಅವನು ಎದ್ದು ಫ್ಯಾನು ಕಂಕುಳಿಗೆ ಸಿಕ್ಕಿಸಿಕೊಂಡ. "ಇನ್ನೊಂದು ಮಾತು. ಹಳೇ ಶೀಟಿನ ಮೇಲೆ ಕಾಲಿಡಬೇಡ. ಗಟ್ಟಿ ಹಾಗೆ ಕಾಣುತ್ತೆ. ಸದ್ದೂ ಮಾಡಲ್ಲ, ಒಂದೇ ಸಲಕ್ಕೆ ಬಾಯಿ ಬಿಡುತ್ತೆ."

ಅವನು ಹೋದ ಮೇಲೆ ಗಂಡ ಗೊಣಗಿದ, "ಅವನ ಜನಕ್ಕೆ ಕೆಲಸ ಬೇಕಲ್ಲ, ಹೇಳ್ತಾನೆ. ನಮ್ಮ ಹತ್ರ ದುಡ್ಡೆಲ್ಲಿ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಕಾಲು ಚಾಚೋಕೆ ಕಾಲು ಉಳೀಬೇಕಲ್ಲ ಮೊದಲು" ಎಂದರು ಅತ್ತೆ. ಆದರೆ ಅವರ ಮಾತಿಗೂ ಅವನು ಜಗ್ಗಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಗಂಡ ಮೂಲೆಗೆ ಏಣಿ ಆನಿಸಿ, ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ, ಬ್ಲೋವರಿನ ವೈರು ಬಿಡಿಸುತ್ತಿದ್ದ. ಯಾಕಮ್ಮ ಹಿಂದಿನ ದಿನವೆಲ್ಲ ಎಣಿಸುತ್ತ ಎಣಿಸುತ್ತ ಒಂದೇ ವಿಷಯ ಯೋಚಿಸಿದ್ದಳು. ಹೆದರಿಸಿದರೆ ಅವನು ಇನ್ನೂ ಬೇಗ ಹತ್ತುತ್ತಾನೆ. ಅವನನ್ನು ಅವನ ಕೆಲಸದಿಂದಲೇ ಕಟ್ಟಿಹಾಕಬೇಕು.

"ರೀ, ಒಂದು ಕೇಳ್ಲಾ?"

"ಒಂದೇ ಒಂದು."

"ಕೆಟ್ಟ ಮೋಟಾರು ಬಂದ್ರೆ ನೀವು ಮೊದಲು ಏನು ಮಾಡ್ತೀರಿ?"

"ಟೆಸ್ಟ್ ಲ್ಯಾಂಪ್ ಹಿಡಿದು ನೋಡ್ತೀನಿ. ಎಲ್ಲಿ ಸುಟ್ಟಿದೆ ಅಂತ ಗೊತ್ತಾಗದೆ ಹೇಗೆ ಬಿಚ್ಚೋದು?"

"ಟೆಸ್ಟ್ ಮಾಡದೆ ಸುತ್ತಿಗೆ ಹಿಡಿಯೋನನ್ನ ಏನಂತೀರಿ?"

ಅವನು ವೈರು ಕೆಳಗಿಟ್ಟ. ಹಾಗೆ ಸುತ್ತಿಗೆ ಹಿಡಿದ ಕೆಲಸಗಾರರನ್ನು ಅವನು ಏನೆಂದು ಬಯ್ಯುತ್ತಿದ್ದ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದು ಇಲ್ಲಿ ಬರೆಯುವಂಥ ಮಾತಲ್ಲ.

"ಸೂರಿಗೂ ಒಂದು ಟೆಸ್ಟ್ ಮಾಡೋಣ. ಹನಿ ಎಲ್ಲಿಂದ ಬರ್ತಿದೆ ಅಂತ ನಂಗೆ ತಿಳೀಬೇಕು. ಆಮೇಲೆ ನಿಮ್ಮಿಷ್ಟ."

ಅವನು ಒಂದು ಗಳಿಗೆ ಏಣಿಯನ್ನೂ ಒಂದು ಗಳಿಗೆ ಅವಳನ್ನೂ ನೋಡಿದ. ಗಳಿಗೆ ಕಳೆದಂತೆ ಅವನ ಮುಖದಲ್ಲೂ ಸಣ್ಣ ಕುತೂಹಲ ಮೂಡಿತು. ಎಷ್ಟಾದರೂ ದೋಷ ಹುಡುಕುವುದು ಅವನ ಕಸುಬು.

ಗ್ಯಾರೇಜಿನ ಮೇನ್ ಸ್ವಿಚ್ ಆಫ್ ಮಾಡಿದರು. ಮೋಟಾರುಗಳಿಗೆ ಪ್ಲಾಸ್ಟಿಕ್ ಹೊದಿಸಿದರು. ಗಂಡ ಹೊರಗೆ ನೆಲದ ಮೇಲೇ ನಿಂತು, ಉದ್ದ ಕೋಲಿಗೆ ನೀರಿನ ಪೈಪು ಕಟ್ಟಿ, ಸೂರಿನ ಕೆಳ ಅಂಚಿನಿಂದ ಶುರುಮಾಡಿ ಮೆಲ್ಲಗೆ ನೀರು ಬಿಟ್ಟ. ಯಾಕಮ್ಮ ಟಾರ್ಚು, ಸೀಮೆಸುಣ್ಣ ಹಿಡಿದು ಒಳಗೆ ನಿಂತಳು.

"ಬಂತಾ?"

"ಇಲ್ಲ. ಇನ್ನೊಂದು ಮೊಳ ಮೇಲೆ."

"ಈಗ?"

"ಇಲ್ಲ."

ಹನಿ ಬೀಳುವ ಜಾಗದ ನೆತ್ತಿಯ ಮೇಲೇ ಐದು ನಿಮಿಷ ನೀರು ಹರಿಯಿತು. ಒಳಗೆ ಒಂದು ತೊಟ್ಟೂ ಇಲ್ಲ. ಅತ್ತೆಯೂ ಒಲೆ ಆರಿಸಿ ಬಂದು ಕತ್ತು ಮೇಲೆ ಮಾಡಿ ನಿಂತರು. ಗಂಡ ಪೈಪನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಸಿ, ಕೊನೆಗೆ ಶೀಟು ಮನೆಯ ಗೋಡೆಗೆ ಕೂಡುವ ಆ ಮೂಲೆಗೆ ತಂದ. ಒಂದೂ ಹನಿ ಬೀಳದ, ಗಟ್ಟಿ ಎಂದಿದ್ದ ಮೂಲೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಾರ್ಚಿನ ಬೆಳಕಿನಲ್ಲಿ ಏನೋ ಮಿನುಗಿತು. ಗೋಡೆಯ ಸಂದಿನಿಂದ ಒಂದು ತೆಳು ನೀರಗೆರೆ ಇಳಿಜಾರಿನ ಮರದ ತೊಲೆಯ ಮೇಲೆ ಹುಟ್ಟಿ, ತೊಲೆಯ ಅಡಿಭಾಗ ಹಿಡಿದು ಸದ್ದಿಲ್ಲದೆ ಕೆಳಗೆ ಹರಿದು ಬಂದು, ಮಧ್ಯದ ಒಂದು ಗಂಟಿನ ಹತ್ತಿರ ನಿಂತು, ತೂಗಿ, ಬಿತ್ತು.

ಟಪ್.

"ಬಂತು! ರೀ, ಬಂತು!" ಅವಳು ಕುಣಿದೇಬಿಟ್ಟಳು. "ನೀರು ಅಲ್ಲಿ ಒಳಗೆ ಬರ್ತಿದೆ, ಇಲ್ಲಿ ಬೀಳ್ತಿದೆ!"

ಗಂಡ ಓಡಿಬಂದ. ಸ್ಟೂಲು ಹತ್ತಿ, ಮೂಲೆಯ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದ. ಬೆಂದ ಗೆಣಸಿಗೆ ಕಡ್ಡಿ ಚುಚ್ಚಿದ ಹಾಗೆ ಅದು ಹಿಡಿಯವರೆಗೂ ಒಳಗೆ ಹೋಯಿತು. ವರ್ಷಗಟ್ಟಲೆ ನೀರು ಕುಡಿದ ಮರ. ಮೇಲೆ ಅದಕ್ಕೆ ಅಂಟಿಕೊಂಡಿದ್ದ ಶೀಟಿಗೆ ಕೂದಲೆಳೆಯ ಬಿರುಕು.

ಅವನು ಸ್ಕ್ರೂಡ್ರೈವರ್ ಹೊರಗೆ ಎಳೆಯಲಿಲ್ಲ. ಬಾಗಿಲಿನಾಚೆ, ಅದೇ ಮೂಲೆಗೆ ಆನಿಸಿದ್ದ ಏಣಿ ಕಾಣುತ್ತಿತ್ತು. ಮೂವರೂ ಅದನ್ನೇ ನೋಡಿದರು. ಆ ಮೂಲೆಯ ಕೆಳಗೆ ಕಬ್ಬಿಣದ ಮೋಟಾರುಗಳ ರಾಶಿ ಇತ್ತು.

ಸುತ್ತಿಗೆಯನ್ನು ಸೊಂಟದಿಂದ ತೆಗೆದು ಅವನು ತಾಯಿಯ ಕೈಗೆ ಕೊಟ್ಟ. "ಇದನ್ನ ಒಳಗಿಡಮ್ಮ" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ನಿಧಾನಪ್ಪನ ಮನೆಯ ಕಡೆ ನಡೆದ.

ನಿಧಾನಪ್ಪ ಬಂದು ನೋಡಿದ. ಲೆಕ್ಕ ಅವರು ಹೆದರಿದಷ್ಟು ದೊಡ್ಡದಾಗಲಿಲ್ಲ.

"ಉಳಿದ ತೊಲೆ ಎಲ್ಲ ಚುಚ್ಚಿ ನೋಡಿದೆ, ಗಟ್ಟಿ ಇವೆ. ಒಂದೇ ಒಂದು ಬದಲಾಯಿಸಿ. ಹೊಸ ತಗಡಿನ ಶೀಟನ್ನ ಸೂರಿನ ಪೂರ್ತಿ ಉದ್ದಕ್ಕೇ ಕೊಯ್ಯಿಸಿ ತನ್ನಿ, ಮಧ್ಯೆ ಜೋಡಣೆ ಇಲ್ಲದಿದ್ರೆ ಸೋರೋ ಜಾಗವೂ ಇಲ್ಲ. ಗೋಡೆ ಸೇರೋ ಕಡೆ ತಗಡಿನ ಪಟ್ಟಿ ಮಾತ್ರ ಬಿಡಬೇಡಿ, ಅಲ್ಲೇ ನೋಡಿ ನಿಮ್ಮ ನೀರು ಬಂದಿದ್ದು. ಹೊಸ ಶೀಟು ಹೊತ್ತು ತರೋದು, ತೊಲೆಗೆ ಬಣ್ಣ ಹಚ್ಚೋದು ನೀವೇ ಮಾಡ್ಕೊಳ್ಳಿ. ಹಳೇದನ್ನ ಇಳಿಸೋದು ಮಾತ್ರ ನಮ್ಮ ಹುಡುಗರಿಗೆ ಬಿಡಿ. ದುಡ್ಡು ಉಳಿಸೋ ಜಾಗ ಬೇರೆ, ಉಸಿರು ಉಳಿಸೋ ಜಾಗ ಬೇರೆ."

"ಈಗಲೇ ಅಷ್ಟು ದುಡ್ಡು ಕೂಡಲ್ಲ, ಅಣ್ಣ" ಎಂದ ಗಂಡ.

"ಅವಸರ ಏನಿದೆ? ಮಳೆಗಾಲ ಮುಗೀಲಿ. ಅಲ್ಲೀವರೆಗೆ ಒಳಗಿನಿಂದಲೇ ಪ್ಲಾಸ್ಟಿಕ್ ಹಾಳೆ ಓರೆಯಾಗಿ ಕಟ್ಟಿ, ನೀರು ಬಕೆಟ್ಟಿಗೆ ಹೋಗೋ ಹಾಗೆ. ಮೋಟಾರು ರಾಶಿ, ಮೇಜು ಎರಡನ್ನೂ ಅಲ್ಲಿಂದ ಸರಿಸಿ. ಆ ಮೂಲೆ ಕೆಳಗೆ ಯಾರೂ ಕೂರಬೇಡಿ. ಇವತ್ತೇ ಒಂದು ಆಸರೆ ಕಂಬ ಕೊಡಿಸ್ತೀನಿ."

"ಚೂರುಗಳನ್ನ ಕೆಸರಿಗೆ ಹಾಕಿದ್ರೆ ಯಾಕೆ ಆಗಲ್ಲ?" ಇದು ಯಾಕಮ್ಮ.

"ಮೇಲೆ ನಡೆದಾಗೆಲ್ಲ ಪುಡಿಯಾಗುತ್ತಲ್ಲಮ್ಮ. ಧೂಳು ಮನೆಯೊಳಕ್ಕೇ ಬರುತ್ತೆ."

ಬೇಸಿಗೆಯಲ್ಲಿ ಕೆಲಸ ನಡೆಯಿತು. ನಿಧಾನಪ್ಪ ಮೊದಲು ಊರಿನ ಆಡಳಿತ ಕಚೇರಿಗೆ ಹೋಗಿ, ಹಳೆಯ ಶೀಟು ಎಲ್ಲಿಗೆ ಒಯ್ಯಬೇಕೆಂದು ಕೇಳಿಕೊಂಡು ಬಂದ. ಮನೆಯವರು ಕಿಟಕಿ ಬಾಗಿಲು ಮುಚ್ಚಿ ದೂರ ಹೋಗಿದ್ದರು. ಕೆಲಸದವರು ಮುಖಕ್ಕೆ ಸರಿಯಾಗಿ ಕೂರುವ, ಇದಕ್ಕೆಂದೇ ಇರುವ ಮಾಸ್ಕ್ ಹಾಕಿಕೊಂಡು, ಶೀಟುಗಳನ್ನು ತೋಯಿಸಿ, ಒಂದನ್ನೂ ಒಡೆಯದೆ ಇಡಿಯಾಗಿ ಇಳಿಸಿದರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಗಾಡಿಗೆ ಏರಿಸಿದರು. ನೆಲವನ್ನು ಪೊರಕೆಯಲ್ಲಿ ಗುಡಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಶೀಟಿನ ಜೊತೆಗೇ ಕಟ್ಟಿದರು. ಬ್ಲೋವರನ್ನು ಅತ್ತೆ ಮೊದಲೇ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ನನ್ನ ಮಗನ ಮೇಲೆ ನಂಬಿಕೆ ಇದೆ, ಅವನ ಕೈ ಮೇಲಿಲ್ಲ" ಎಂದರು.

ಮೊದಲ ಮಳೆ ಬಂದ ಮಧ್ಯಾಹ್ನ ಯಾಕಮ್ಮ ಸುತ್ತು ಎಣಿಸುತ್ತಿದ್ದಳು. ತಗಡಿನ ಮೇಲೆ ಮಳೆಯ ಸದ್ದು ದೊಡ್ಡದು. ಎಣಿಕೆ ತಪ್ಪಿತು. ಕೈ ನಿಲ್ಲಿಸಿದಳು. ಮಳೆ ಹೊಯ್ದು ಹೊಯ್ದು ನಿಂತಿತು. ಗಂಡನೂ ಕೆಲಸ ಬಿಟ್ಟು ತಲೆಯೆತ್ತಿದ. ಇಬ್ಬರೂ ಉಸಿರು ಹಿಡಿದು ಕಾದರು. ಆ ಹಳೆಯ ಬಕೆಟ್ಟು ಇನ್ನೂ ಅದೇ ಜಾಗದಲ್ಲಿ, ಒಣಗಿಕೊಂಡು ಕೂತಿತ್ತು.

"ಏನೂ ಕೇಳಿಸ್ತಿಲ್ಲ, ಯಾಕೆ?" ಎಂದ ಗಂಡ.

ಪ್ರಶ್ನೆ ಅವನ ಬಾಯಿಂದ ಬಂದದ್ದು ಕೇಳಿ ಒಳಗಿನಿಂದ ಅತ್ತೆ ಗಟ್ಟಿಯಾಗಿ ನಕ್ಕರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ತಲೆಯ ಮೇಲೂ ಹಳೆಯ ಸಿಮೆಂಟ್ ಶೀಟು ಇದ್ದರೆ ಇವತ್ತು ಒಮ್ಮೆ ತಲೆಯೆತ್ತಿ ನೋಡಿ. ಗಾಬರಿ ಬೇಡ, ಒಡೆಯದೆ, ಕೊರೆಯದೆ ಇದ್ದರೆ ಅದು ತಕ್ಷಣ ಕೆಡುಕು ಮಾಡುವುದಿಲ್ಲ. ಸೋರುತ್ತಿದ್ದರೆ ಅದರ ಮೇಲೆ ಹತ್ತಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ನೆಲದ ಮೇಲೆ ನಿಂತೇ ಹುಡುಕಿ. ಅದನ್ನು ಒಡೆಯಬೇಡಿ, ಉಜ್ಜಬೇಡಿ, ಒಣಗಿದ ಧೂಳನ್ನು ಗುಡಿಸಬೇಡಿ, ಊದಬೇಡಿ. ಇಳಿಸುವ ಮುಂಚೆ ತಿಳಿದವರನ್ನು, ನಿಮ್ಮ ಊರಿನ ಕಚೇರಿಯನ್ನು ಕೇಳಿ. ದುಡ್ಡು ಸಾಲದಿದ್ದರೆ ಒಂದು ಬೇಸಿಗೆ ಕಾಯಿರಿ. ಬಕೆಟ್ಟು ತುಂಬಿದರೆ ಚೆಲ್ಲಬಹುದು. ಎದೆಯೊಳಗೆ ಸೇರಿದ ನಾರನ್ನು ಚೆಲ್ಲಲು ಬರುವುದಿಲ್ಲ.

ಮನೆಯಲ್ಲಿ ಯಾರಾದರೂ ಸುತ್ತಿಗೆ ಹಿಡಿದು ಏಣಿಯ ಕಡೆ ಹೊರಟರೆ, ಒಂದೇ ಒಂದು ಪ್ರಶ್ನೆ ಕೇಳಿ ನಿಲ್ಲಿಸಿ. ನಕ್ಕರೆ ನಗಲಿ ಬಿಡಿ.