ಮೈದುನನ ಕಾಲಿನ ಹಗ್ಗ

ನಮ್ಮ ರಾಜೇಶ್ವರದ ಮಹಿಳಾ ಸಂಘದ ಅಧ್ಯಕ್ಷೆ ನಾನು, ಅಲ್ಲಿ ಕರಪತ್ರ ಓದಿ ಹೇಳುವ ಕೆಲಸವೂ ನನ್ನದೇ. ಲಸಿಕೆ ಇರಲಿ, ಶೌಚಾಲಯ ಇರಲಿ, ಮತದಾನ ಇರಲಿ, ನಾನೇ ಎದ್ದು ನಿಂತು ಗಟ್ಟಿ ದನಿಯಲ್ಲಿ ಓದುತ್ತೇನೆ. ಓದಿ ಮುಗಿಸಿ, "ಕೇಳಿದ್ರಿಲ್ಲ? ಇನ್ನಾರ ಶಾಣ್ಯಾರಾಗ್ರಿ" ಎಂದು ಎಲ್ಲರಿಗೂ ಬೆರಳು ತೋರಿಸುತ್ತೇನೆ. ಆ ಕರಪತ್ರಗಳಲ್ಲಿ ತಪ್ಪು ಮಾಡುವವರು ಯಾವಾಗಲೂ ಬೇರೆ ಯಾವುದೋ ಊರಿನವರು. ಈ ಕರಪತ್ರದಲ್ಲಿ ತಪ್ಪು ಮಾಡಿದವಳು ನಾನು. ಹೆಸರು ಸುಂದರಬಾಯಿ. ಬರೆಯುವುದಕ್ಕೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ನಮ್ಮ ಕಡೆ ನೀರಿಗೆ ಬಿದ್ದು ಸಾಯುವುದು ಹೊಸದೇನಲ್ಲ. ಬೇಸಿಗೆ ಬಂದರೆ ಸಾಕು, ಬಾವಿಗೋ ಕೆರೆಗೋ ಡ್ಯಾಮಿಗೋ ಇಳಿದವರ ಸುದ್ದಿ ಬರುತ್ತದೆ. ನಾವು ಅಯ್ಯೋ ಎನ್ನುತ್ತೇವೆ, ಅವರ ಹಣೆಬರಹ ಎನ್ನುತ್ತೇವೆ, ಮತ್ತೆ ರೊಟ್ಟಿ ಬಡಿಯಲು ಕೂರುತ್ತೇವೆ. ನಮ್ಮ ಸಂಘದ ಸರ್ದಾರಬಿಯ ಮಗ ನದೀಮ್ ಮಾತ್ರ ಹಾಗೆ ಕೂರಲಿಲ್ಲ. ಅವನು ಐದು ವರ್ಷ ಸಮುದ್ರದ ದಂಡೆಯಲ್ಲಿ ಜೀವರಕ್ಷಕನಾಗಿ ದುಡಿದು ಬಂದವನು. ಬರುವಾಗ ಗಾಳಿ ತುಂಬುವ ಎರಡು ದೊಡ್ಡ ಹಲಗೆಗಳನ್ನು ತಂದ. ಅವಕ್ಕೆ ಪ್ಯಾಡಲ್ ಬೋರ್ಡ್ ಎನ್ನುತ್ತಾರಂತೆ. ಅದರ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತಾ ನೀರಿನ ಮೇಲೆ ಹೋಗಬೇಕು. ಬಸವಕಲ್ಯಾಣದ ಕಡೆಯ ಡ್ಯಾಮಿನ ಹಿನ್ನೀರಿನಲ್ಲಿ ಪ್ರತಿ ಭಾನುವಾರ ಕಲಿಸುತ್ತಿದ್ದ. ಮೊದಲು ತೇಲುವುದು, ಆಮೇಲೆ ಈಜು, ಅವೆರಡೂ ಬಂದ ಮೇಲೆ ಹಲಗೆ.

ನನ್ನ ಮೈದುನ ಶರಣಕುಮಾರ ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ನದೀಮನ ಗೆಳೆಯ. ಮೂರು ತಿಂಗಳು ಭಾನುವಾರ ತಪ್ಪಿಸದೆ ಹೋದ. ಒಂದು ದಿನ ಬಂದು, "ವೈನಿ, ನನಗ ಅಲೆ ಹಿಡಿಯಾಕ ಬಂತ್ರಿ" ಎಂದ. ನಾನು ನಕ್ಕುಬಿಟ್ಟೆ.

"ಡ್ಯಾಮಿನ್ಯಾಗ ಎಲ್ಲಿ ಅಲೆ ಬರ್ತದೋ? ಅದೇನು ಸಮುದ್ರ ಅದ ಏನು?"

ಜೊತೆಗಿದ್ದ ನದೀಮ್ ಸಿಟ್ಟಾಗಲಿಲ್ಲ. ಕಟ್ಟೆಯ ಮೇಲೆ ಕೂತು ಸಮಾಧಾನವಾಗಿ ಹೇಳಿದ.

"ಸಣ್ಣ ಅಲೆ ಇರ್ತಾವ್ರಿ ವೈನಿ. ಮಧ್ಯಾಹ್ನ ಗಾಳಿ ಬಿಟ್ಟಿತಂದ್ರ ಗೇಣೆತ್ತರ ಏಳ್ತಾವ. ಗಾಳಿ ಬೆನ್ನಿಗಿ ಇಟ್ಕೊಂಡು ದಂಡಿ ಕಡಿ ಮಾರಿ ಮಾಡಿ ನಿಲ್ಲೋದು. ಹಿಂದಿನಿಂದ ಅಲೆ ಹಲಗಿ ಎತ್ತಿದಂಗ ಆದ ಕೂಡಲೆ ಮೂರು ಸಲ ಜೋರ್ ಹುಟ್ಟು ಹಾಕೋದು. ಒಂದು ಕಾಲು ಹಿಂದ, ಮೊಣಕಾಲು ಬಗ್ಗಿರಬೇಕು, ನದರ ದಂಡಿ ಮ್ಯಾಲ. ಆಮ್ಯಾಲ ಹುಟ್ಟಿನ ಕೆಲಸ ಇಲ್ಲ, ಅಲೆನೇ ಒಯ್ತದ."

"ಬಿದ್ರ?"

"ಬೀಳೋದು ಇದ್ದದ್ದೇ ರಿ. ಅದಕ್ಕಂತ್ಲೇ ತೇಲಿಸೋ ಜಾಕೆಟ್, ಅದಕ್ಕಂತ್ಲೇ ಕಾಲಿಗಿ ಹಗ್ಗ. ಹಗ್ಗದ ಒಂದು ತುದಿ ಹಲಗಿಗಿ, ಒಂದು ತುದಿ ಕಾಲಿಗಿ. ನಾವು ಬಿದ್ರೂ ಹಲಗಿ ನಮ್ಮನ್ನ ಬಿಟ್ಟು ಹೋಗಂಗಿಲ್ಲ. ಹಲಗಿ ಕೈಗಿ ಸಿಕ್ಕರ ಜೀವ ಉಳೀತು."

"ಗಂಡಸರ ಕಾಲಿಗಿ ಹಗ್ಗ ಕಟ್ಟಿದ್ದು ನಾ ಎಲ್ಲೂ ನೋಡಿಲ್ಲಪ್ಪ" ಎಂದೆ. ಮೂವರೂ ನಕ್ಕೆವು. ಅಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಶರಣಕುಮಾರನಿಗೆ ಹುಮನಾಬಾದಿನ ಸ್ನೇಹಲ್ ಜೊತೆ ಮದುವೆ ಗಟ್ಟಿಯಾಯಿತು. ಅವಳ ತಂದೆ ಮಹಾರುದ್ರಪ್ಪನವರು ಅಲ್ಲಿನ ಕಾಳಿನ ಬಜಾರಿನಲ್ಲಿ ಹೆಸರಿದ್ದವರು. ಒಂದು ಭಾನುವಾರ ಬೀಗರು ನಮ್ಮಲ್ಲಿ ಊಟಕ್ಕೆ ಬಂದರು. ಊಟವಾದ ಮೇಲೆ ಅಳಿಯನಾಗುವವನ ಅಲೆಯಾಟ ನೋಡಬೇಕು ಎಂದು ಎಲ್ಲರೂ ಡ್ಯಾಮಿಗೆ ಹೊರಟೆವು.

ದಂಡೆಯ ಮೇಲೆ ಚಾಪೆ ಹಾಸಿ ಕೂತೆವು. ನದೀಮ್ ಶರಣಕುಮಾರನಿಗೆ ಜಾಕೆಟ್ ತೊಡಿಸಿ ಮೂರೂ ಬಕಲ್ ಹಾಕಿದ. ಹಗ್ಗದ ಪಟ್ಟಿಯನ್ನು ಕಾಲಿಗೆ ಸುತ್ತಿ, ಎರಡು ಸಲ ಎಳೆದು ನೋಡಿದ. ಆಮೇಲೆ ಇನ್ನೊಂದು ಹಲಗೆಗೆ ಗಾಳಿ ತುಂಬಲು ಆಚೆ ಹೋದ.

ಬೀಗರ ಮುಂದೆ ಮೈದುನನನ್ನು ಕಾಡುವುದು ನಮ್ಮ ಮನೆಯಲ್ಲಿ ಅತ್ತಿಗೆಯ ಹಕ್ಕು. ನನ್ನ ನಾಲಿಗೆ ಅದಕ್ಕೇ ಕಾಯುತ್ತಿತ್ತು.

"ನೋಡ್ರಿ ಬೀಗರ, ಮಂದಿ ಹೊಲ ಮೇಯಬಾರದಂತ ನಮ್ಮ ಎಮ್ಮಿ ಕಾಲಿಗೂ ಹಿಂಗ ಹಗ್ಗ ಕಟ್ಟತೀವಿ. ಇವನೂ ಬಾಳ ಓಡ್ಯಾಡತಾನ. ಸ್ನೇಹಲ್, ಇನ್ನ ಮ್ಯಾಲೆ ಈ ಹಗ್ಗ ನಿನ್ನ ಕೈಯಾಗ ಇರಲಿ ನೋಡವ್ವ."

ಮಹಾರುದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ನೇಹಲ್ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಇನ್ನಷ್ಟು ಹುರುಪು ಬಂತು. ಶರಣಕುಮಾರ ಮಾತ್ರ ನಗಲಿಲ್ಲ. ನೀರಿನ ಅಂಚಿಗೆ ಹೋಗಿ, ನಮಗೆ ಬೆನ್ನು ಮಾಡಿ ಬಗ್ಗಿ, ಕಾಲಿನ ಪಟ್ಟಿಯನ್ನು ಕಿತ್ತು ಹಾಕಿದ. ಎದ್ದು ನಿಂತು ಜಾಕೆಟ್ಟಿನ ಬಕಲ್‌ಗಳನ್ನೂ ಬಿಚ್ಚಿದ.

ನಾನು ಅದನ್ನು ನೋಡಿದೆ. ಬೇರೆ ಯಾರೂ ನೋಡಲಿಲ್ಲ. ನದೀಮನನ್ನು ಒಂದು ಕೂಗು ಕೂಗಿದ್ದರೆ ಸಾಕಿತ್ತು. ಬೀಗರ ಎದುರಿಗೆ ಹುಡುಗನ ಇಜ್ಜತ್ತು ಉಳಿಯಲಿ ಎಂದು ಸುಮ್ಮನಿದ್ದೆ.

ಮೊದಲ ಸಲ ಅವನು ನಿಜಕ್ಕೂ ಅಲೆ ಹಿಡಿದ. ಮೂರು ಹುಟ್ಟು ಹಾಕಿ ಕೈ ನಿಲ್ಲಿಸಿದ, ಹಲಗೆ ತಾನಾಗಿಯೇ ದಂಡೆಯ ಕಡೆ ಜಾರಿ ಬಂತು. ಅವನು ಅಷ್ಟು ಚೆಂದ ನಿಲ್ಲುತ್ತಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಎರಡನೆಯ ಸಲ ಇನ್ನೂ ದೂರ ಹೋದ. ಗಾಳಿಯೂ ಜೋರಾಗಿತ್ತು. ಅಲೆ ಬಂತು, ಹಲಗೆ ಎದ್ದಿತು, ಅವನ ಕಾಲು ಜಾರಿತು.

ದಂಡೆಗೆ ಹಲಗೆ ಮಾತ್ರ ಬಂತು. ಗಾಳಿ ಅದನ್ನು ತಂದು ನನ್ನ ಕಾಲ ಹತ್ತಿರದ ಕಲ್ಲುಗಳಿಗೆ ಹಚ್ಚಿ ನಿಲ್ಲಿಸಿತು. ಅವನು ನಡುನೀರಿನಲ್ಲಿದ್ದ. ಬಕಲ್ ಇಲ್ಲದ ಜಾಕೆಟ್ ಮೇಲೇರಿ ಮುಖಕ್ಕೆ ಮುಚ್ಚಿತ್ತು. ತೋಳುಗಳು ಅದರಲ್ಲೇ ಸಿಕ್ಕಿಕೊಂಡಿದ್ದವು. ನದೀಮ್ ಓಡಿ ಬಂದು ಅದೇ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ನೀರು ಹೊಡೆಯುತ್ತಾ ಹೋದ. ಎಳೆದು ತಂದಾಗ ಶರಣಕುಮಾರನ ತುಟಿ ನೀಲಿಯಾಗಿತ್ತು, ಉಸಿರು ಇರಲಿಲ್ಲ. ನದೀಮ್ ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಟ್ಟ. ಎದೆ ಒತ್ತಿದ. ಮತ್ತೆ ಉಸಿರು ಕೊಟ್ಟ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಶರಣಕುಮಾರ ನೀರು ಕಕ್ಕಿ ಕೆಮ್ಮಿದ.

ಹುಮನಾಬಾದಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮರುದಿನ ಮಾತಾಡುವಂತಾದಾಗ ಮಹಾರುದ್ರಪ್ಪನವರು, "ಏನಾತಪ್ಪ, ಹಗ್ಗ ಕಟ್ಟಿದ್ದನಲ್ಲ ಆ ನದೀಮ?" ಎಂದು ಕೇಳಿದರು. ಶರಣಕುಮಾರ ಹಾಸಿಗೆಯ ಪಕ್ಕದಲ್ಲಿದ್ದ ಸ್ನೇಹಲ್‌ಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಹಗ್ಗ ಹರೀತ್ರಿ" ಎಂದ.

ನಾನು ಸಲೈನ್ ಬಾಟಲಿ ನೋಡುತ್ತಾ ನಿಂತೆ.

"ಕೊಳೆತ ಸಾಮಾನು ಇಟ್ಕೊಂಡು ಮಂದಿ ಜೀವದ ಜೋಡಿ ಆಟ ಆಡತಾನ" ಎಂದರು ಮಹಾರುದ್ರಪ್ಪನವರು. ಅವರು ಅದನ್ನು ಬಜಾರಿನಲ್ಲಿ ಹೇಳಿದರು. ಬಜಾರಿನಿಂದ ನಮ್ಮೂರಿಗೆ ಬಂತು. ನದೀಮ್ ಆ ಹಗ್ಗ ಹಿಡಿದು ಮನೆ ಮನೆಗೆ ಹೋಗಿ, "ನೋಡ್ರಿ, ಎಲ್ಲಿ ಹರದದ?" ಎಂದು ತೋರಿಸಿದ. ಹರಿದದ್ದನ್ನು ಬಚ್ಚಿಟ್ಟು ಹೊಸ ಹಗ್ಗ ತಂದಿದ್ದಾನೆ ಎಂದು ಜನ ಆಡಿಕೊಂಡರು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಶರಣಕುಮಾರ ಮಲಗಿದ್ದಾನೆ, ತೊಂದರೆ ಕೊಡಬಾರದು ಎಂದುಕೊಂಡನಂತೆ. ಭಾನುವಾರದ ಕಲಿಕೆ ನಿಂತಿತು. ಸರ್ದಾರಬಿ ಸಂಘಕ್ಕೆ ಬರುವುದನ್ನು ಬಿಟ್ಟಳು.

ಎರಡು ಸಭೆ ಕಳೆದ ಮೇಲೆ ಅಧ್ಯಕ್ಷೆಯಾಗಿ ವಿಚಾರಿಸಲು ಅವಳ ಮನೆಗೆ ಹೋದೆ. ಅವಳು ಚಹಾ ಕೊಟ್ಟಳು.

"ಯಾಕ ಆಪಾ, ಬರವಲ್ರಿ?"

"ಏನಂತ ಬರಲಿ ಸುಂದರಬಾಯಿ. ಮಂದಿ ಏನರ ಅನ್ನಲಿ, ತಡೀತೀನಿ. ನನ್ನ ಮಗನ್ನ ನೋಡಾಕ ಆಗವಲ್ದು. ದಿನಾ ಆ ಹಗ್ಗ ಹಿಡಕೊಂಡು ಕೂಡತಾನ. ಎಳದು ಎಳದು ನೋಡತಾನ. ಪಟ್ಟಿ ನಾನೇ ಸಡಲ ಕಟ್ಟಿದ್ನೇನೋ ಅಮ್ಮಿ, ಬಕಲ್ ಸರಿ ಹಾಕಲಿಲ್ಲೇನೋ, ನನ್ನ ಕೈಯಾಗೇ ಗಲತಿ ಆಗ್ಯಾದೇನೋ ಅಂತಾನ."

ಸತ್ತವನಿಗೆ ಜೀವ ಕೊಟ್ಟ ಹುಡುಗ, ಕೊಂದವನು ತಾನೇ ಎಂಬಂತೆ ಕೂತಿದ್ದ. ನಾನು ಆಗಲೂ ಬಾಯಿ ಬಿಡಲಿಲ್ಲ. ಚಹಾ ಕುಡಿದು, ಲೋಟ ತೊಳೆದಿಟ್ಟು ಮನೆಗೆ ಬಂದೆ. ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಇದೇ. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಶರಣಕುಮಾರನನ್ನು ಕರೆದು ಕೂರಿಸಿದೆ.

"ನೀ ಹಗ್ಗ ಬಿಚ್ಚಿದ್ದು ನಾ ನೋಡೀನಿ."

ಅವನು ತಲೆ ತಗ್ಗಿಸಿದ. "ಗೊತ್ತದ್ರಿ ವೈನಿ. ಮದುವಿ ಆಗಲಿ, ಆಮ್ಯಾಲ ಹೇಳೋಣು. ಈಗ ಹೇಳಿದ್ರ ಬೀಗರ ಮುಂದ ನಾ ಹ್ಯಾಂಗ ನಿಲ್ಲಲಿ?"

"ಅವ ಊರ ಮುಂದ ಹ್ಯಾಂಗ ನಿಂತಾನ ಅದು ನೋಡು. ಬಿಚ್ಚಿದವ ನೀ, ಬಿಚ್ಚಿಸಿದಾಕಿ ನಾ. ನಾಳಿಗಿ ಇಬ್ಬರೂ ಹೇಳೋಣು."

ಸಂಘದ ಸಭೆಗೆ ನದೀಮ್, ಸರ್ದಾರಬಿ, ಮಹಾರುದ್ರಪ್ಪ, ಸ್ನೇಹಲ್ ಎಲ್ಲರನ್ನೂ ಕರೆಸಿದೆ. ಎದ್ದು ನಿಂತೆ. ಯಾವಾಗಲೂ ಓದುವ ದನಿ ಬರಲಿಲ್ಲ. ಎಮ್ಮೆಯ ಮಾತು, ಪಟ್ಟಿ ಕಿತ್ತದ್ದು, ಬಕಲ್ ಬಿಚ್ಚಿದ್ದು, ನಾನು ನೋಡಿ ಸುಮ್ಮನಿದ್ದದ್ದು ಎಲ್ಲವನ್ನೂ ಹೇಳಿದೆ. ಶರಣಕುಮಾರ ಎದ್ದು, "ಹೌದ್ರಿ, ಹಗ್ಗ ಹರದಿಲ್ಲ. ನಾ ಸುಳ್ಳು ಹೇಳೀನಿ" ಎಂದ. ಸ್ನೇಹಲ್, "ನಾನೂ ನಕ್ಕೀನಿ" ಎಂದು ಅತ್ತಳು. ಮದುವೆ ನಿಲ್ಲಲಿಲ್ಲ. ಆದರೆ ಅವಳು ಒಂದು ಮಾತು ಹೇಳಿದಳು: ಹಗ್ಗ, ಜಾಕೆಟ್ ಇಲ್ಲದೆ ಈ ಮನೆಯವರು ಯಾರೂ ನೀರಿಗೆ ಇಳಿಯಬಾರದು, ನಗುವವರು ನಗಲಿ. ನಾವೆಲ್ಲ ಒಪ್ಪಿದೆವು.

ನಾನು ನದೀಮನ ಮುಂದೆ ಕೈ ಮುಗಿದೆ. ಅವನು ನನ್ನ ಕೈ ಹಿಡಿದು ಇಳಿಸಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ.

"ಹದಿನೆಂಟು ದಿನ ಆತ್ರಿ ವೈನಿ" ಎಂದ. "ಇಲ್ಲಿ ಕುಂತವರು ಇಪ್ಪತ್ತು ಮಂದಿ. ನನ್ನ ಹಗ್ಗ ಕೊಳೆತದ್ದು ಅಂದವರು ಹುಮನಾಬಾದದಿಂದ ಬಸವಕಲ್ಯಾಣದ ತನಕ ಇದ್ದಾರ. ಅವರಿಗಿ ಯಾರು ಹೇಳತಾರ?"

ಅದಕ್ಕೇ ಈ ಕರಪತ್ರ ಅಚ್ಚು ಹಾಕಿಸಿದ್ದೇನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀರಿನ ಮೇಲೆ ಆಡುವುದು ತಪ್ಪಲ್ಲ. ಸಣ್ಣ ಅಲೆಯ ಮೇಲೆ ಜಾರುವ ಖುಷಿ ಎಂಥದ್ದು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಲಗೆ ಹತ್ತುವ ಮೊದಲು ಕಾಲಿಗೆ ಹಗ್ಗ ಕಟ್ಟಿಕೊಳ್ಳಿ, ಜಾಕೆಟ್ಟಿನ ಎಲ್ಲ ಬಕಲ್ ಹಾಕಿಕೊಳ್ಳಿ. ಗಾಳಿ ದಂಡೆಯಿಂದ ನಡುನೀರಿನ ಕಡೆಗೆ ಬೀಸುತ್ತಿದ್ದರೆ ಅಂದು ಬಿಟ್ಟುಬಿಡಿ. ಈಜು ಬಾರದಿದ್ದರೆ ಬಾರದು ಎಂದು ಕಲಿಸುವವನಿಗೆ ಬಾಯಿಬಿಟ್ಟು ಹೇಳಿ. ದಂಡೆಯಲ್ಲಿ ಕೂತವರು, ಹಗ್ಗ ಕಟ್ಟಿಕೊಂಡವರನ್ನು ನೋಡಿ ನಗಬೇಡಿ. ಬಿಚ್ಚಿದ್ದು ಕಣ್ಣಿಗೆ ಬಿದ್ದರೆ ಮರ್ಯಾದೆ ನೋಡದೆ ಕೂಗಿ.

ಇನ್ನೊಂದು ಕೆಲಸವಿದೆ. ನದೀಮನ ಹಗ್ಗ ಹರಿದಿತ್ತು ಎಂದು ನೀವು ಎಲ್ಲಿ ಕೇಳಿದಿರೋ ಅಲ್ಲಿಗೆ ಇವತ್ತೇ ಹೋಗಿ, ಹರಿದಿರಲಿಲ್ಲ, ಬಿಚ್ಚಿದ್ದು ಎಂದು ಹೇಳಿ. ಯಾರು ಬಿಚ್ಚಿಸಿದ್ದು ಎಂದು ಕೇಳುತ್ತಾರೆ. ನನ್ನ ಹೆಸರು ಹೇಳಿ.