ಆರನೆಯವನ ಬೆನ್ನು

ಮಾರ್ಚ್ ಹದಿನೇಳು, ಬೆಳಿಗ್ಗೆ ಹನ್ನೊಂದು ಗಂಟೆ. ಠಾಣೆಯ ಹಿಂದಿನ ಅಂಗಳದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತವರು ಒಂಬತ್ತು ಜನ. ಎಲ್ಲರಿಗೂ ಕಾರ್ಖಾನೆಯವರು ತೊಡುವ ಕಡುನೀಲಿ ಕೋಟು ತೊಡಿಸಿದ್ದರು; ಕೋಟಿಗೆ ಐದರಂತೆ ನಲವತ್ತೈದು ಗುಂಡಿ. ಗುಂಡಿಯಮ್ಮ ಮೊದಲು ಎಣಿಸಿದ್ದು ಅವನ್ನೇ. ಮೂವತ್ತೊಂದು ವರ್ಷ ಗುಂಡಿ ಮತ್ತು ದಾರ ಮಾರಿದವಳ ಕಣ್ಣು ಮನುಷ್ಯನ ಎದೆಗೆ ಹೋಗುತ್ತದೆಯೇ ಹೊರತು ಮುಖಕ್ಕೆ ಹೋಗುವುದಿಲ್ಲ. ಇಂದು ಮುಖ ನೋಡಬೇಕಾಗಿತ್ತು.

ಹದಿನೈದು ದಿನಗಳ ಹಿಂದೆ ಅವಳ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನ ತಲೆಗೆ ಯಾರೋ ಒಬ್ಬ ಹೊಡೆದು ಹಣದ ಪೆಟ್ಟಿಗೆ ಕದ್ದಿದ್ದ. ಇಂಥದೇ ನೀಲಿ ಕೋಟು ತೊಟ್ಟು, ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಓಡುತ್ತಿದ್ದವನು ಅವಳ ಬಾಗಿಲಿಗೆ ಡಿಕ್ಕಿ ಹೊಡೆದು, ಮೂರು ಸೆಕೆಂಡು ಅವಳನ್ನು ದಿಟ್ಟಿಸಿ, ಬೀದಿಯ ಕೊನೆ ತಲುಪಿ ಮರೆಯಾಗಿದ್ದ. ರಿಪೇರಿಯವನು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಂಡವಳು ಇವಳೊಬ್ಬಳೇ.

ಗುರುತು ಹೇಳಿದ ಮೇಲೆ ತುಂಬಬೇಕಾದ ಕಾಗದ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಮೂರು ಚೌಕ, ಮೂರು ಮಾತು. ಶಾಲೆಯಲ್ಲಿ ಪಾಠ ಹೇಳುವ ಮಗಳು ಹಿಂದಿನ ದಿನವೇ ಅವನ್ನು ಬಿಡಿಸಿ ಹೇಳಿದ್ದಳು.

“ಸೇಮ್ ಅಂದ್ರೆ ಅವನೇ. ಸಿಮಿಲರ್ ಅಂದ್ರೆ ಅವನ ಥರ ಇರೋನು. ಡಿಫರೆಂಟ್ ಅಂದ್ರೆ ಬೇರೆಯವನು. ಒಂದಕ್ಕೆ ಮಾತ್ರ ಗುರುತು ಹಾಕ್ಬೇಕಮ್ಮ.”

“ಮೊದಲನೇದಕ್ಕೂ ಎರಡನೇದಕ್ಕೂ ಎಷ್ಟು ದೂರಾನೇ?”

ಮಗಳು ನಕ್ಕಳು; ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು. “ಜೈಲಿನ ಗೋಡೆಯಷ್ಟು.”

ಗುಂಡಿಯಮ್ಮ ಒಬ್ಬೊಬ್ಬರನ್ನೇ ದಾಟಿ ಬಂದು ಆರನೆಯವನ ಮುಂದೆ ನಿಂತಳು. ಅದೇ ಗಿಡ್ಡ ಮೂಗು, ಅದೇ ಕೂಡಿದ ಹುಬ್ಬು. ಅವನು ಎಂಜಲು ನುಂಗಿದ ಸದ್ದು ಅವಳಿಗೆ ಕೇಳಿಸಿತು. ಇವನೇ ಆಗಿದ್ದು ತಾನು ಅಲ್ಲವೆಂದರೆ, ಸಂಜೆಯೊಳಗೆ ಇವನು ಹೊರಗೆ. ಅಂಗಡಿಯ ದಾರಿ ಬಲ್ಲವನು. ಇವನಲ್ಲದೆ ಇವನೇ ಎಂದರೆ, ತಪ್ಪು ಮಾಡದವನ ಹತ್ತು ವರ್ಷ ತನ್ನ ತಲೆಯ ಮೇಲೆ, ಹೊಡೆದವನಂತೂ ಬೀದಿಯಲ್ಲೇ. ಎರಡು ಲೆಕ್ಕಕ್ಕೂ ಉತ್ತರ ಒಂದೇ, ಭಯ.

“ಏನಮ್ಮ, ಸೇಮ್ ತಾನೇ?” ಎಂದರು ಇನ್ಸ್‌ಪೆಕ್ಟರು. “ಮುಖದಲ್ಲೇ ಗೊತ್ತಾಗ್ತಿದೆ. ಬೇಗ ಹೇಳಿ, ಇವರನ್ನೆಲ್ಲ ಊಟಕ್ಕೆ ಕಳಿಸ್ಬೇಕು.”

“ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್. ತಿರುಗಿ ನಾಲ್ಕು ಹೆಜ್ಜೆ ನಡೆಯೋಕೆ ಹೇಳಿ.”

“ಬೆನ್ನು ನೋಡಿ ಏನ್ಮಾಡ್ತೀರಿ?”

“ಗಿರಾಕಿ ಗುಂಡಿ ತಂದ್ರೆ ನಾನು ಮಗುಚಿ ನೋಡ್ತೀನಿ. ಮುಂದುಗಡೆ ಎಲ್ಲಾ ಒಂದೇ ಥರ ಹೊಳೀತವೆ. ಯಾವ ಅಚ್ಚಿಂದು ಅಂತ ಹೇಳೋದು ಹಿಂಭಾಗ.”

“ಇದು ಗುಂಡಿ ವ್ಯಾಪಾರ ಅಲ್ಲಮ್ಮ!”

“ನನಗೆ ಬರೋದು ಅದೊಂದೇ ಸಾರ್.”

ಒಂಬತ್ತು ಜನವೂ ಗೋಡೆ ಬಿಟ್ಟು ಮುಂದೆ ಬಂದು, ತಿರುಗಿ ಗೋಡೆಯ ಕಡೆ ನಡೆದರು. ಆರನೆಯವನ ಹೆಗಲೆರಡೂ ಅಡಿಕೋಲಿಟ್ಟು ಗೆರೆ ಎಳೆದಂತೆ ಸಮವಾಗಿದ್ದವು. ಓಡಿಹೋದವನ ಎಡ ಹೆಗಲು, ತುಂಬಿದ ಬಕೆಟ್ ಹಿಡಿದವನ ಹೆಗಲಿನಂತೆ, ಎರಡು ಅಂಗುಲ ಕೆಳಗೆ ಜಗ್ಗಿತ್ತು. ಆ ಜಗ್ಗಿದ ಹೆಗಲು ನೆನಪಾದದ್ದೇ ತಡ, ಗುಂಡಿಯಮ್ಮನಿಗೆ ಇನ್ನೊಂದು ಸಂಗತಿ ಹೊಳೆಯಿತು. ಆ ಬೆನ್ನನ್ನು ಅವಳು ಆ ದಿನ ಒಮ್ಮೆಯಲ್ಲ, ಎರಡು ಸಲ ಕಂಡಿದ್ದಳು.

ಪೆಟ್ಟು ಬೀಳುವ ಹತ್ತು ನಿಮಿಷ ಮುಂಚೆ ನೀಲಿ ಕೋಟಿನವನೊಬ್ಬ ಅಂಗಡಿಗೆ ಬಂದು, ಕೋಟಿನ ನಾಲ್ಕನೆಯ ಗುಂಡಿ ಕಿತ್ತು ಅವಳ ಮುಂದಿಟ್ಟಿದ್ದ. “ಮೂರು ಬೇಕು. ಇದೇ ಆಗ್ಬೇಕು, ಇದರ ಥರದ್ದು ಬೇಡ,” ಎಂದು ಮುಂಗಡವಾಗಿ ಪೂರ್ತಿ ಹಣ ಕೊಟ್ಟು ರಸೀದಿ ಪಡೆದಿದ್ದ. ಅವಳು ಗುಂಡಿ ನೋಡಿದಳು, ಕೋಟಿನಲ್ಲಿ ಉಳಿದ ದಾರದ ತುದಿ ನೋಡಿದಳು. ಹೊರಡುವಾಗ ಒಂದು ಕಡೆ ಜಗ್ಗಿದ ಬೆನ್ನು ನೋಡಿದಳು. ಮುಖ ಮಾತ್ರ ನೋಡಿರಲಿಲ್ಲ.

ಅವಳು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಇನ್ಸ್‌ಪೆಕ್ಟರರ ಅವಸರ ಇಳಿದಿತ್ತು. “ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?”

“ಅವನನ್ನ ನಾನು ನೋಡ್ಲೇ ಇಲ್ಲ ಸಾರ್. ಗುಂಡಿ ನೋಡಿದೆ.”

ಅವಳು ಮೂರನೆಯ ಚೌಕಕ್ಕೆ ಗುರುತು ಹಾಕಿದಳು. ಆರನೆಯವನು ಕುಸಿದು ಕುಳಿತು, ಕೋಟಿನ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತ.

ಗೇಟಿನ ಬಳಿ ಗಡಿಯಾರ ರಿಪೇರಿಯವನ ಹೆಂಡತಿ ಕಾದಿದ್ದಳು. “ಅಕ್ಕ, ಅವನೇ ಅಂದ್ರಾ?”

“ಇಲ್ಲ ಕಣಮ್ಮ. ಅವನ ಥರ ಇದ್ದ, ಅಷ್ಟೇ.”

“ಹಾಗಾದ್ರೆ ಅವನೆಲ್ಲಿ?”

ಗುಂಡಿಯಮ್ಮ ಅಂಗಡಿಯ ಕಡೆ ನಡೆದಳು.

ಅಂಗಡಿಗೆ ಬಂದ ಇನ್ಸ್‌ಪೆಕ್ಟರು, ಆ ಗಿರಾಕಿ ಮಾದರಿಗೆಂದು ಬಿಟ್ಟುಹೋದ ಗುಂಡಿಯನ್ನೂ ರಸೀದಿಯ ಅಡಿಪ್ರತಿಯನ್ನೂ ಲಕೋಟೆಗೆ ಹಾಕಿಕೊಂಡರು. ಅಡಿಪ್ರತಿಯಲ್ಲಿ ಹೆಸರಿನ ಜಾಗದಲ್ಲಿ, ಅವಳ ವಾಡಿಕೆಯಂತೆ, “ನೀಲಿ ಕೋಟು” ಎಂದಷ್ಟೇ ಇತ್ತು. “ಬಂದ್ರೆ ಫೋನ್ ಮಾಡಿ,” ಎಂದು ಹೇಳಿ ಹೊರಟರು. ಬಂದರೆ, ಎಂಬ ಆ ಒಂದು ಮಾತು ಅಂಗಡಿಯಲ್ಲೇ ಉಳಿಯಿತು.

ಅಂದಿನಿಂದ ಬಾಗಿಲು ಕಿರ್ರೆಂದರೆ ಅವಳು ಮೊದಲು ಎಡ ಹೆಗಲು ನೋಡುತ್ತಾಳೆ, ಆಮೇಲೆ ಮುಖ, ಗುಂಡಿ ಕೊನೆಗೆ. ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣವಿದೆ. ಆ ಘಟನೆಯ ಮರುದಿನವೇ ಹುಡುಕಿ, ಮಗುಚಿ ನೋಡಿ, ಅದೇ ಅಚ್ಚಿನವೆಂದು ಖಾತ್ರಿ ಮಾಡಿಕೊಂಡು ಕಟ್ಟಿಟ್ಟ ಗುಂಡಿಗಳು ಅದರಲ್ಲಿವೆ. ಮೇಲೆ ಅವಳದೇ ಅಕ್ಷರ: ಹಣ ಬಂದಿದೆ, ಗುಂಡಿ ಮೂರು, ಕೊಡುವುದು ಬಾಕಿ.